ಟಾಲ್ಬರಿ ಗುಡ್ಡದ ಬಾವುಟದಾಳು

ನನ್ನ ಸೋದರಮಾವ ರೂಬೆನ್ ಪ್ರಾಗ್ನೆಲ್ ಮೂವತ್ತೆಂಟು ವರ್ಷ ಒಂದೇ ಕೆಲಸ ಮಾಡಿದ. ಬೆಳಿಗ್ಗೆ ಎಂಟರೊಳಗೆ ಟಾಲ್ಬರಿ ಗುಡ್ಡ ಹತ್ತಿ ಕೆಂಪು ಬಾವುಟ ಏರಿಸುವುದು, ಸೈನ್ಯದವರ ಗುಂಡಿನ ಅಭ್ಯಾಸ ಮುಗಿದ ಮೇಲೆ ಇಳಿಸುವುದು. ಬಾವುಟ ಮೇಲಿದ್ದಷ್ಟು ಹೊತ್ತು ಆ ಕಡೆ ಯಾರೂ ಸುಳಿಯಬಾರದು. ಕೆಳಗಿದ್ದಾಗಲೂ ಸುಳಿಯಬಾರದು, ಸಿಡಿಯದೆ ಉಳಿದ ಗುಂಡುಗಳು ಹುಲ್ಲಿನೊಳಗೆ ಇರುತ್ತವೆ. ಊರಿನಲ್ಲಿ ಆ ಗುಡ್ಡವನ್ನು ದಿನಾ ಹತ್ತುವ ಹಕ್ಕಿದ್ದದ್ದು ಅವನೊಬ್ಬನಿಗೆ. ಅವನು ಹುಟ್ಟಿದ್ದೂ ಅದರ ಮೇಲೆಯೇ.

ಟಾಲ್ಬರಿ ಇಡಿಯಾಗಿ ಸೀಮೆಸುಣ್ಣದ ಗುಡ್ಡ. ಗೇಣುದ್ದ ಮಣ್ಣು ಕೆರೆದರೆ ಬಿಳುಪು ಕಾಣುತ್ತದೆ. ಮಳೆನೀರು ಬಿದ್ದಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಮರಗಳು ಕಡಿಮೆ, ಇರುವುದೆಲ್ಲ ಗಿಡ್ಡ ಹುಲ್ಲು ಮತ್ತು ಗಾಳಿ. ಸಿಪಾಯಿಗಳು ಈ ಗುಡ್ಡವನ್ನು ಯಾವ ಕಾಲದಲ್ಲೂ ಅದರ ಪಾಡಿಗೆ ಬಿಟ್ಟಿಲ್ಲ. ನೆತ್ತಿಯ ಸುತ್ತ ಇರುವ ಕಂದಕವನ್ನು ಕಬ್ಬಿಣವೇ ಅಪರೂಪವಾಗಿದ್ದ ಕಾಲದವರು ಜಿಂಕೆಯ ಕೊಂಬಿನಿಂದ ತೋಡಿದರಂತೆ. ಫ್ರೆಂಚರು ಹಡಗಿನಲ್ಲಿ ಬರುತ್ತಾರೆಂಬ ಭಯವಿದ್ದ ವರ್ಷಗಳಲ್ಲಿ ನಮ್ಮ ವಂಶದ ಹಿರಿಯನೊಬ್ಬ ನೆತ್ತಿಯ ಮೇಲೆ ಸೌದೆ ಒಟ್ಟಿಕೊಂಡು, ಅಪಾಯ ಕಂಡರೆ ಬೆಂಕಿ ಹಚ್ಚಲು ಕಾದು ಕೂತಿದ್ದ. ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಹುಡುಗರು ಬಂದು ಇಲ್ಲಿ ಕಂದಕ ತೋಡುವುದನ್ನು ಕಲಿತರು. ಹೋಗುವ ಮುಂಚೆ ಗುಡ್ಡದ ಹೊಟ್ಟೆಯ ಮೇಲೆ ಹುಲ್ಲು ಕೆತ್ತಿ, ದೂರದ ರಸ್ತೆಗೂ ಕಾಣುವಂತೆ ಒಂದು ಬಿಳಿ ಕಾಂಗರೂ ಬಿಡಿಸಿದರು. ನನ್ನ ತಾತ ಜೇಕಬ್ ಪ್ರತಿ ವಸಂತದಲ್ಲೂ ಅದರ ಮೇಲೆ ಬೆಳೆದ ಕಳೆ ಕೀಳುತ್ತಿದ್ದ. ಆ ಹುಡುಗರಲ್ಲಿ ನಾಲ್ಕೈದು ಜನ ಅವನ ಮನೆಯಲ್ಲಿ ಚಹಾ ಕುಡಿದವರು. ಪತ್ರ ಬರೆಯುತ್ತೇವೆ ಅಂದವರು ಒಬ್ಬರೂ ಬರೆಯಲಿಲ್ಲ.

ಜೇಕಬ್ ತಾತ ಕುರಿಗಾರ. ಗುಡ್ಡದ ತೆಂಕಣ ಇಳಿಜಾರಿನಲ್ಲಿ, ನೀರು ಇಂಗದಂತೆ ತಳಕ್ಕೆ ಜೇಡಿಮಣ್ಣು ಬಡಿದ, ಕುರಿಗಳು ನೀರು ಕುಡಿಯುವ ಕೊಳದ ಪಕ್ಕ ಅವನ ಮನೆ. ಅದೂ ಸೇರಿ ಮೇಲೆ ಆರು ಮನೆಗಳಿದ್ದವು. ಅಜ್ಜಿ ಬೇಗ ತೀರಿಕೊಂಡಿದ್ದಳು. ರೂಬೆನ್ ಮಾವ ಮತ್ತು ಅವನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ನನ್ನ ಅಮ್ಮ ಹೆಸ್ಟರ್, ಇಬ್ಬರೂ ಕುರಿಗಳ ನಡುವೆಯೇ ಬೆಳೆದರು.

ಎರಡನೇ ಯುದ್ಧ ಬಂತು. ಸಾವಿರದ ಒಂಬೈನೂರ ನಲವತ್ತರಲ್ಲಿ, ಇಪ್ಪತ್ತು ತುಂಬಿದ ತಿಂಗಳೇ, ಮಾವ ಸೈನ್ಯ ಸೇರಿದ. ಮನೆ ಬಿಟ್ಟ ಬೆಳಿಗ್ಗೆ ಅವನು ಹಿಂತಿರುಗಿ ನೋಡಲಿಲ್ಲವಂತೆ. "ಮಳೆ ಹೊಯ್ತಾ ಇತ್ತು, ಬಸ್ಸು ತಪ್ಪೋದ್ರಲ್ಲಿತ್ತು" ಎಂದು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಯಾರೋ ಅವನ ಮೇಲೆ ತಪ್ಪು ಹೊರಿಸಿದ್ದಾರೆ ಅನ್ನುವ ಹಾಗೆ ಹೇಳುತ್ತಿದ್ದ.

ಮೂರು ವರ್ಷದ ಮೇಲೆ, ನವೆಂಬರಿನಲ್ಲಿ, ಒಬ್ಬ ಮೇಜರ್ ಬಂದು ಗುಡ್ಡದ ಮೇಲಿನ ಆರೂ ಮನೆಯವರನ್ನು ಕೆಳಗಿನ ಶಾಲೆಯಲ್ಲಿ ಸೇರಿಸಿದ. ಅಭ್ಯಾಸಕ್ಕೆ ಜಾಗ ಬೇಕಾಗಿದೆ, ಮೂವತ್ತು ದಿನದಲ್ಲಿ ಎಲ್ಲರೂ ಖಾಲಿ ಮಾಡಬೇಕು ಎಂದು ಕಾಗದ ಓದಿದ. ತಾತ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ.

"ಕುರಿಗಳಿಗೂ ನೋಟೀಸು ಇದೆಯಾ ಸಾರ್, ಇಲ್ಲ ನಮಗೆ ಮಾತ್ರಾನಾ?"

ಜನ ನಕ್ಕರು. ಮೇಜರನೂ ಪಾಪ ನಕ್ಕನಂತೆ. ಯುದ್ಧ ಮುಗಿದ ಮೇಲೆ ನಿಮ್ಮ ಮನೆ ನಿಮಗೆ ಎಂದು ಬಾಯಿಮಾತಿನಲ್ಲಿ ಹೇಳಿದ. ಅವನು ಓದಿದ ಕಾಗದದಲ್ಲಿ ಆ ಮಾತು ಇರಲಿಲ್ಲ ಎಂದು ನಮಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ.

ಹತ್ತೊಂಬತ್ತರ ಹುಡುಗಿ ಅಮ್ಮ, ಮನೆಯನ್ನು ಒಬ್ಬಳೇ ಖಾಲಿ ಮಾಡಿದಳು. ಕುರಿಗಳು ಸಂತೆಗೆ ಹೋದವು. ತಾತ ಒಂದೇ ಮಾತು ಹೇಳಿದ, "ರೂಬೆನ್‌ಗೆ ಬರೀಬೇಡ. ಅಲ್ಲಿ ಕೂತು ಅವನೇನು ಮಾಡ್ತಾನೆ?" ಮಾವ ಆಗ ಇಟಲಿಯ ಕೆಸರಿನಲ್ಲಿದ್ದ. ಅಪ್ಪನಿಗೆ ಮೊಣಕಾಲು ನೋವು, ಅದಕ್ಕೇ ಕೆಳಗೆ ಊರಲ್ಲಿ ಮನೆ ಮಾಡಿದ್ದೇವೆ ಎಂದು ಅಮ್ಮ ಬರೆದಳು. ಫೆಬ್ರವರಿಯಲ್ಲಿ ತಾತ ತೀರಿಕೊಂಡ. ಕಾಯಿಲೆ ಅಂತ ಏನೂ ಇರಲಿಲ್ಲ. ಮಾಡಲು ಕೆಲಸವಿಲ್ಲದೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತವನು, ಒಂದು ಮಧ್ಯಾಹ್ನ ಎದ್ದೇಳಲಿಲ್ಲ. ಆ ಸುದ್ದಿ ಬರೆದಾಗಲೂ ಅಮ್ಮ ಗುಡ್ಡದ ಮನೆಯ ಸಂಗತಿ ಬರೆಯಲಿಲ್ಲ.

ನಲವತ್ತಾರರ ಬೇಸಿಗೆಯಲ್ಲಿ ಮಾವ ಮರಳಿದ. ಬಸ್ಸಿಳಿದವನು ಊರೊಳಗೆ ಬರದೆ, ಸೈನ್ಯದ ಬಟ್ಟೆಯಲ್ಲೇ, ಹೆಗಲ ಮೇಲೆ ಚೀಲ ಹೊತ್ತು ನೇರ ಗುಡ್ಡ ಹತ್ತಿದ. ಅಪ್ಪ ಇಲ್ಲದಿದ್ದರೇನು, ಮನೆ ಇದೆಯಲ್ಲ, ಮೊದಲು ಅದನ್ನು ನೋಡೋಣ ಅಂದುಕೊಂಡಿದ್ದ. ಅರ್ಧ ದಾರಿಯಲ್ಲಿ ಮುಳ್ಳುತಂತಿ ಅಡ್ಡ ಬಂತು. ಕಾವಲಿಗಿದ್ದ ಸಿಪಾಯಿ ತಡೆದ.

"ಎಲ್ಲಿಗಪ್ಪಾ?"

"ಮನೆಗೆ. ನಮ್ಮನೆ ಅಲ್ಲಿದೆ, ಕೊಳದ ಪಕ್ಕ."

ಸಿಪಾಯಿ ಅವನ ಎದೆಯ ಮೇಲಿದ್ದ ಪದಕದ ಪಟ್ಟಿಗಳನ್ನು ನೋಡಿದ. ಆಮೇಲೆ ಮುಖ ನೋಡಿ, "ಇತ್ತು" ಅಂದ.

ಅಷ್ಟು ಹೇಳಿ ತನ್ನ ಹತ್ತಿರವಿದ್ದ ಸಿಗರೇಟಿನಲ್ಲಿ ಒಂದು ಕೊಟ್ಟನಂತೆ. ಇಬ್ಬರೂ ತಂತಿಯ ಆಚೆ ಈಚೆ ನಿಂತು ಸೇದಿದರು. ಮಾವ ಅಲ್ಲಿಂದ ಕೆಳಗಿಳಿದು ತಂಗಿಯ ಬಾಗಿಲು ತಟ್ಟಿದ. ಬೈಯಲಿಲ್ಲ. "ನೀನಾದ್ರೂ ಬಾಗಿಲು ಹಾಕಿ ಬಂದೆಯಲ್ಲ ಹೆಸ್ಟರ್" ಅಂದ. ಅದನ್ನು ನೆನೆದಾಗಲೆಲ್ಲ ಅಮ್ಮ, ಅವನು ಬೈದಿದ್ದರೇ ಚೆನ್ನಾಗಿತ್ತು ಅನ್ನುತ್ತಿದ್ದಳು.

ಮಾರನೇ ವರ್ಷ ಸೈನ್ಯದವರು ಬಾವುಟಕ್ಕೆ ಆಳು ಬೇಕೆಂದರು. ಊರವರು ಯಾರೂ ಮುಂದೆ ಬರಲಿಲ್ಲ, ಗುಡ್ಡ ಕಿತ್ತುಕೊಂಡವರ ಚಾಕರಿ ಯಾರು ಮಾಡುತ್ತಾರೆ? ಮಾವ ಹೋಗಿ ಸೇರಿದ. ಪಬ್ಬಿನಲ್ಲಿ ಬಡಗಿ ಪರ್ಸಿ ಡಿಬೆನ್ ಎಲ್ಲರ ಎದುರಿಗೇ ಕೇಳಿದ, "ಏನ್ ರೂಬ್, ಸೈನ್ಯದೋರ ಮನೆ ಅಳಿಯ ಆಗ್ಬಿಟ್ಟೆಯಂತೆ? ಹುಡುಗಿ ಹೆಂಗಿದ್ದಾಳೆ?"

"ಬೆಳ್ಳಗಿದ್ದಾಳೆ" ಅಂದ ಮಾವ, ಲೋಟ ಕೆಳಗಿಡದೆ.

ಅವನು ಕೊನೆಗೂ ಮದುವೆಯಾಗಲಿಲ್ಲ.

ಮೇಲೆ ಅವನಿಗೆ ಸಿಕ್ಕಿದ್ದು ಬಾವುಟದ ಕಂಬದ ಪಕ್ಕದ ಒಂದು ತಗಡಿನ ಗೂಡು, ಒಂದು ಫೋನು. ಅಲ್ಲಿಂದ ಮನೆ ಕಾಣುತ್ತಿತ್ತು. ಮೊದಲು ಚಾವಣಿ ಹೋಗಿತ್ತು, ಆಮೇಲೆ ಹೊಗೆಗೂಡು ಬಿತ್ತು. ದಾರಿ ಬಿಟ್ಟು ಅತ್ತಿತ್ತ ಕಾಲಿಡಬಾರದೆಂಬ ಕಟ್ಟಪ್ಪಣೆ ಇದ್ದದ್ದರಿಂದ, ಮೊದಲ ಏಳೆಂಟು ವರ್ಷ ಅವನು ನಾನೂರು ಗಜ ದೂರದಿಂದ ತನ್ನ ಮನೆ ಕುಸಿಯುವುದನ್ನು ನೋಡುತ್ತ ಚಹಾ ಕುಡಿದ.

ಐವತ್ತನಾಲ್ಕರಲ್ಲಿ ಮೊಲಗಳಿಗೆ ರೋಗ ಬಂತು. ಕಣ್ಣು ಊದಿಕೊಂಡು, ಕುರುಡಾಗಿ, ದಾರಿಯಲ್ಲೆಲ್ಲ ಸತ್ತು ಬಿದ್ದವು. ಕುರಿಗಳು ಹೋದ ಮೇಲೆ ಹುಲ್ಲನ್ನು ಗಿಡ್ಡವಾಗಿ ಇಟ್ಟಿದ್ದೇ ಮೊಲಗಳು. ಅವೂ ಹೋದವು. ಎರಡು ವರ್ಷದಲ್ಲಿ ಹುಲ್ಲು ಮೊಣಕಾಲು ಮುಟ್ಟಿತು, ಮುಳ್ಳುಪೊದೆ ಎದ್ದವು. ಓಮದಂತೆ ಘಮ್ಮೆನ್ನುವ ಪುಟ್ಟ ಗಿಡಗಳು, ಹಳದಿ ಹೂವಿನ ಕುದುರೆಲಾಳದ ಬಳ್ಳಿ ಎಲ್ಲ ಅದರಡಿ ಮುಚ್ಚಿಹೋದವು. ಮನೆ ಬಿದ್ದದ್ದನ್ನು ಸಹಿಸಿದ್ದ ಮಾವನಿಗೆ ಇದನ್ನು ಸಹಿಸಲಾಗಲಿಲ್ಲ. ಅಪ್ಪ ಇದ್ದಿದ್ದರೆ ಈ ಹುಲ್ಲು ನೋಡಿ ಏನನ್ನುತ್ತಿದ್ದ ಎಂಬುದೊಂದೇ ಯೋಚನೆ. ತಾತನ ಹಳೆಯ ಕುಡುಗೋಲನ್ನು ಗೋಣಿಯಲ್ಲಿ ಸುತ್ತಿ ಮೇಲೆ ಒಯ್ದ. ಸಂಜೆ ಬಾವುಟ ಇಳಿಸಿದ ಮೇಲೆ ಒಂದೊಂದು ಗಂಟೆ, ಮನೆಯ ಕೆಳಗಿನ ಇಳಿಜಾರಿನಲ್ಲಿ, ಹೆಜ್ಜೆ ಹೆಜ್ಜೆಗೂ ಕೋಲಿನಿಂದ ನೆಲ ಸವರಿ ನೋಡಿಕೊಂಡು, ಹುಲ್ಲು ಕೊಯ್ಯತೊಡಗಿದ. ಗುಂಡು ಸಿಡಿದರೆ ಜೀವ ಹೋಗುತ್ತಿತ್ತು, ಯಾರಾದರೂ ನೋಡಿದರೆ ಕೆಲಸ. ಮೂರು ಬೇಸಿಗೆ ಯಾರಿಗೂ ತಿಳಿಯಲಿಲ್ಲ.

ಐವತ್ತೆಂಟರ ಆಗಸ್ಟಿನಲ್ಲಿ ಮಿಸ್ ಥರ್ಸ್‌ಬಿ ಎಂಬ ಹೆಂಗಸು ಅಪ್ಪಣೆಚೀಟಿ ಹಿಡಿದು ಬಂದಳು. ವಿಶ್ವವಿದ್ಯಾಲಯದಲ್ಲಿ ಚಿಟ್ಟೆಗಳ ಅಧ್ಯಯನ ಮಾಡುವವಳು, ಗಂಡಸರ ಬೂಟು ಹಾಕಿ ಉದ್ದುದ್ದ ಹೆಜ್ಜೆ ಇಡುವವಳು. ಅವಳನ್ನು ಸುರಕ್ಷಿತ ದಾರಿಯಲ್ಲಿ ಸುತ್ತಿಸುವುದು ಮಾವನ ಪಾಲಿಗೆ ಬಂತು. ತೆಂಕಣ ಇಳಿಜಾರಿಗೆ ಬಂದಾಗ ಅವಳು ಗಕ್ಕನೆ ನಿಂತಳು. ಗಿಡ್ಡ ಹುಲ್ಲಿನ ಮೇಲೆ ನೂರಾರು ನೀಲಿ ಚಿಟ್ಟೆಗಳು. ಸುತ್ತಲ ನಾಲ್ಕೂ ಗುಡ್ಡಗಳಲ್ಲಿ ಅವಳಿಗೆ ಒಂದೂ ಸಿಕ್ಕಿರಲಿಲ್ಲ.

"ಇಲ್ಲಿ ಹುಲ್ಲು ಕೊಯ್ದೋರು ಯಾರು, ಪ್ರಾಗ್ನೆಲ್ ಅವರೇ?"

"ಯಾರೂ ಇಲ್ಲ ಮೇಡಂ. ಇಲ್ಲಿ ಗಾಳಿ ಜಾಸ್ತಿ."

"ಗಾಳಿಗೆ ಕುಡುಗೋಲು ಹಿಡಿಯೋಕೆ ಬರುತ್ತಾ?"

ಅವಳು ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಅವನನ್ನೂ ಮಲಗಿಸಿದಳು. ಕುದುರೆಲಾಳದ ಬಳ್ಳಿಯ ಬುಡದಲ್ಲಿ ಆ ನೀಲಿ ಚಿಟ್ಟೆಯ ಮರಿ, ಒಂದು ಹಸಿರು ಹುಳು, ಅದರ ಮೈಮೇಲೆಲ್ಲ ಇರುವೆಗಳು. ಆ ಹುಳು ಸಿಹಿ ರಸ ಒಸರುತ್ತದೆ, ಇರುವೆಗಳು ಅದನ್ನು ನೆಕ್ಕುತ್ತವೆ, ಬದಲಿಗೆ ಹುಳುವನ್ನು ಶತ್ರುಗಳಿಂದ ಕಾಯುತ್ತವೆ, ಹೊತ್ತು ಬಂದಾಗ ಮಣ್ಣಲ್ಲಿ ಮುಚ್ಚಿಡುತ್ತವೆ ಎಂದು ಹೇಳಿಕೊಟ್ಟಳು. ಹುಲ್ಲು ಎತ್ತರವಾದರೆ ನೆಲಕ್ಕೆ ಬಿಸಿಲು ತಾಗುವುದಿಲ್ಲ. ನೆಲ ತಣ್ಣಗಾದರೆ ಆ ಇರುವೆ ಇರುವುದಿಲ್ಲ, ಇರುವೆ ಇಲ್ಲದಿದ್ದರೆ ಚಿಟ್ಟೆ ಇಲ್ಲ.

"ನಾನು ಇದನ್ನೆಲ್ಲ ನೋಡಿ ಮಾಡಿದ್ದಲ್ಲ" ಅಂದ ಮಾವ, ಮಲಗಿದ್ದಲ್ಲೇ. "ಅಲ್ಲಿ ಕಾಣ್ತಿದೆಯಲ್ಲ ಗೋಡೆ, ಅದು ನಮ್ಮನೆ. ಅಂಗಳ ಹಾಳು ಬಿದ್ದಿದ್ದು ನೋಡೋಕಾಗ್ಲಿಲ್ಲ, ಅಷ್ಟೇ."

ಅವಳು ಯಾರಿಗೂ ಹೇಳಲಿಲ್ಲ. ಬದಲಿಗೆ, ವೈಜ್ಞಾನಿಕ ಕಾರಣಕ್ಕಾಗಿ ಆ ಇಳಿಜಾರಿನ ಹುಲ್ಲು ವರ್ಷಕ್ಕೆರಡು ಸಲ ಕೊಯ್ಯಬೇಕು ಎಂದು ಸೈನ್ಯಕ್ಕೆ ಪತ್ರ ಬರೆದಳು. ಅಧಿಕಾರಿಗಳು ಆ ಕೆಲಸವನ್ನು ಮಾವನಿಗೇ ಒಪ್ಪಿಸಿದರು. ಆಮೇಲೆ ಹದಿನಾಲ್ಕು ವರ್ಷ, ಪ್ರತಿ ಆಗಸ್ಟಿನಲ್ಲೂ ಎರಡು ವಾರ, ಅವಳು ಬಂದು ಚಿಟ್ಟೆ ಎಣಿಸಿದಳು. ಜುಲೈ ಕೊನೆಗೆ ಮಾವ ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಹದಿನೈದನೇ ವರ್ಷದ ಆಗಸ್ಟಿನಲ್ಲಿ ಅವಳು ಬರಲಿಲ್ಲ, ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಳೆಂದು ಬೇರೆ ಯಾರೋ ಹೇಳಿದರು. ಅವಳ ನೋಟ್‌ಪುಸ್ತಕಗಳು ಟಪಾಲಿನಲ್ಲಿ ಮಾವನ ಹೆಸರಿಗೆ ಬಂದವು. ಎಣಿಸುವ ಕೆಲಸವನ್ನು ಅವನು ಅವಳು ಬಿಟ್ಟ ಪುಟದಿಂದ ಮುಂದುವರಿಸಿದ.

ಎಪ್ಪತ್ತನಾಲ್ಕರಲ್ಲಿ, ಸೈನ್ಯಕ್ಕೆ ಬೇಡವಾದ ಜಾಗಗಳನ್ನು ಬಿಟ್ಟುಕೊಡುವ ಮಾತು ಸರ್ಕಾರದಲ್ಲಿ ಹುಟ್ಟಿತು. ಟಾಲ್ಬರಿಯೂ ಪಟ್ಟಿಯಲ್ಲಿತ್ತು. ವಿಚಾರಣೆಗೆ ಮೂವರು ಅಧಿಕಾರಿಗಳು ಊರಿಗೆ ಬಂದರು. ಅಮ್ಮನಿಗೆ ಆಗ ಐವತ್ತು. ಬಸ್ಸು ಓಡಿಸುತ್ತಿದ್ದ ನನ್ನ ಅಪ್ಪ ನಿವೃತ್ತನಾದ ಕೂಡಲೇ ಗುಡ್ಡದ ಮೇಲೆ ಮತ್ತೆ ಮನೆ ಕಟ್ಟಿಕೊಂಡು ಇರುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಒಲೆ ಎಲ್ಲಿ, ಮಂಚ ಎಲ್ಲಿ, ಎಲ್ಲ ಬಾಯಿಪಾಠ. ತೊಂದರೆ ಒಂದೇ. ಗುಡ್ಡ ಬಿಟ್ಟುಕೊಟ್ಟರೆ ಅದನ್ನು ಕೊಳ್ಳುವ ಶಕ್ತಿ ಇದ್ದದ್ದು ದೊಡ್ಡ ಜಮೀನುದಾರ ಸ್ಕ್ಯಾಮೆಲ್‌ಗೆ ಮಾತ್ರ. ಆರೂ ಮನೆಗಳ ಜಾಗವನ್ನು ಹಳಬರಿಗೆ ಬಿಟ್ಟುಕೊಡುತ್ತೇನೆಂದು ಅವನು ಬರೆದುಕೊಟ್ಟಿದ್ದ. ಉಳಿದದ್ದನ್ನು ಏನು ಮಾಡುತ್ತಾನೆಂದು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಎದುರಿನ ಹೇಡನ್ ಗುಡ್ಡವನ್ನು ಅವನು ನೆತ್ತಿಯವರೆಗೂ ಉತ್ತು ಬಾರ್ಲಿ ಹಾಕಿದ್ದು ಎಲ್ಲರ ಕಿಟಕಿಯಿಂದಲೂ ಕಾಣುತ್ತಿತ್ತು.

ಸಭೆಯಲ್ಲಿ ನಾನೂ ಇದ್ದೆ. ಒಬ್ಬೊಬ್ಬರೂ ಎದ್ದು, ಕೊಟ್ಟ ಮಾತು ಉಳಿಸಿಕೊಳ್ಳಿ ಅಂದರು. ಕೊನೆಗೆ ಅಧ್ಯಕ್ಷರು ಹಿಂದಿನ ಸಾಲಿನಲ್ಲಿದ್ದ ಮಾವನನ್ನು ನೋಡಿ, "ಗುಡ್ಡ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲವಂತೆ. ನೀವೇನು ಹೇಳ್ತೀರಿ?" ಎಂದು ಕೇಳಿದರು.

ಮಾವ ನಿಧಾನವಾಗಿ ಎದ್ದ. "ನನಗೆ ಗುಡ್ಡ ಬೇಕು ಸಾರ್. ಇಲ್ಲಿರೋ ಎಲ್ಲರಿಗಿಂತ ಜಾಸ್ತಿ ಬೇಕು. ಆದ್ರೆ ಸ್ಕ್ಯಾಮೆಲ್ ಅವರ ಟ್ರ್ಯಾಕ್ಟರಿಗೆ ಒಂದು ವಾರ ಸಾಕು. ಗುಂಡು ಬಿದ್ರೆ ಒಂದು ಗುಂಡಿ ಆಗುತ್ತೆ. ಎರಡು ವರ್ಷ ಬಿಟ್ರೆ ಆ ಗುಂಡೀಲಿ ಹೂ ಬರುತ್ತೆ, ನಾನು ನೋಡಿದೀನಿ. ಟ್ಯಾಂಕು ಹೋಗಿ ನೆಲ ಗಟ್ಟಿಯಾದ ಚಕ್ರದ ಗುರುತಲ್ಲಿ ನೀರು ನಿಂತು ಸಿಗಡಿಯಂಥ ಹುಳ ಆಡ್ತವೆ. ನೇಗಿಲು ಹೋದ ಕಡೆ ಇದ್ಯಾವುದೂ ಬರಲ್ಲ." ಕೂರುವ ಮುಂಚೆ ಅಂದ, "ಸೈನ್ಯದೋರ ಹತ್ರಾನೇ ಇರ್ಲಿ."

ಯಾರೂ ಕೂಗಾಡಲಿಲ್ಲ. ಅಮ್ಮ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ಮಾವನ ಸಾಲು ದಾಟುವಾಗ ನಿಂತಳು.

"ನಿನ್ನ ಚಿಟ್ಟೆಗೆ ಮನೆ ಇರ್ಬೇಕು, ನನಗೆ ಬೇಡ. ಅಲ್ವಾ ರೂಬ್?"

ಗುಡ್ಡ ಸೈನ್ಯದಲ್ಲೇ ಉಳಿಯಿತು. ಅದಕ್ಕೆ ಮಾವನ ಮಾತೇ ಕಾರಣವೆಂದು ನಾನು ನಂಬುವುದಿಲ್ಲ, ಬಾವುಟದಾಳಿನ ಮಾತಿಗೆ ಸರ್ಕಾರ ನಡೆಯುವುದಿಲ್ಲ. ಆದರೆ ಊರು ನಂಬಿತು, ಅಮ್ಮನೂ ನಂಬಿದಳು. ಹನ್ನೊಂದು ವರ್ಷ ಅವಳು ಅಣ್ಣನ ಜೊತೆ ಮಾತಾಡಲಿಲ್ಲ. ಇಬ್ಬರ ಮನೆಗೂ ನಡುವೆ ಇದ್ದದ್ದು ಚರ್ಚು ಮತ್ತು ಅಂಚೆಕಚೇರಿ ಮಾತ್ರ. ಭಾನುವಾರ ಹಂದಿಕೊಬ್ಬು, ಸಕ್ಕರೆ ಹಾಕಿದ ಲಾರ್ಡಿ ಕೇಕು ಬೇಯಿಸಿದಾಗ ಒಂದು ದೊಡ್ಡ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕುತ್ತಿದ್ದಳು. "ಗಿಲ್, ಆ ಕಡೆ ಹೋದ್ರೆ ಅವನ ನಾಯಿಗೆ ಹಾಕು."

ಮಾವನ ನಾಯಿ ಸತ್ತು ಆರು ವರ್ಷವಾಗಿತ್ತು. ಅವನು ಕೇಕು ತಿಂದು, ಬೆರಳಿಗಂಟಿದ ಸಕ್ಕರೆ ನೆಕ್ಕಿ, "ನಾಯಿಗೆ ಇಷ್ಟ ಆಯ್ತಂತೆ ಅಂತ ಹೇಳು" ಅನ್ನುತ್ತಿದ್ದ.

ಒಮ್ಮೆ ನಾನು ನೇರವಾಗಿಯೇ ಕೇಳಿದೆ. "ಮಾವ, ನಿಜ ಹೇಳು. ಬೇಜಾರಾಗಲ್ವಾ?"

"ದಿನಾ ಆಗುತ್ತೆ" ಅಂದ. "ನೀನು ಕೆಳಗಿಂದ ನೋಡ್ತೀಯ, ನಿನಗೆ ಗುಡ್ಡ ಕಾಣುತ್ತೆ. ನಾನು ಮೇಲೆ ನಿಂತ್ರೆ ನನಗೆ ನಮ್ಮ ಅಡುಗೆಮನೆ ಕಾಣುತ್ತೆ. ಅಪ್ಪ ಬೂಟು ಬಿಚ್ಚಿಟ್ಟಿದ್ದು ಕಾಣುತ್ತೆ. ಯುದ್ಧಕ್ಕೆ ಹೊರಟ ಬೆಳಿಗ್ಗೆ ಒಂದ್ಸಲ ತಿರುಗಿ ನೋಡಿದ್ದಿದ್ರೆ ಇಷ್ಟು ಕಾಣ್ತಿರಲಿಲ್ಲವೇನೋ."

ಎಂಬತ್ತೈದರಲ್ಲಿ ಅವನಿಗೆ ನಿವೃತ್ತಿ. ವಾಡಿಕೆಯಂತೆ ಗೋಡೆ ಗಡಿಯಾರ ಕೊಡಲು ಆಗಿನ ಮೇಜರ್ ಕರೆದರು. ಗಡಿಯಾರ ಬೇಡ, ನನ್ನ ತಂಗಿಯನ್ನು ಒಂದು ದಿನ ಮೇಲೆ ಕರೆದೊಯ್ಯಲು ಅಪ್ಪಣೆ ಕೊಡಿ ಎಂದು ಮಾವ ಕೇಳಿದ. ಅಪ್ಪಣೆ ಸಿಕ್ಕಿತು. ಅಮ್ಮನಿಗೆ ಹೇಳಲು ನನ್ನನ್ನೇ ಕಳಿಸಿದ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತದೆ, "ಯಾವತ್ತು?" ಅಂದಳು.

ಆಗಸ್ಟಿನ ಒಂದು ಮಂಗಳವಾರ. ಸಾರ್ಜೆಂಟನೊಬ್ಬ ಜೀಪಿನಲ್ಲಿ ನಮ್ಮನ್ನು ಹತ್ತಿಸಿ ಕಂದಕದ ಹತ್ತಿರ ಇಳಿಸಿದ. ಮುಂದೆ ಮಾವ, ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಅಮ್ಮ, ಹಿಂದೆ ನಾನು. ಮನೆಯಲ್ಲಿ ಉಳಿದದ್ದು ಮೊಣಕಾಲೆತ್ತರದ ಗೋಡೆ, ಬಾಗಿಲ ಮುಂದಿನ ಒಂದು ಕಲ್ಲು. ಕೋಣೆಗಳೆಲ್ಲ ಹುಲ್ಲು, ಹಳದಿ ಹೂ. ಕುಸಿದ ಗೋಡೆಯ ಗಾರೆಯ ಮೇಲೆ ನೀಲಿ ಚಿಟ್ಟೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತಿದ್ದವು. ನಾವು ಹತ್ತಿರ ಹೋದಾಗ ಒಟ್ಟಿಗೆ ಎದ್ದವು. ಎಲ್ಲೋ ಬಾನಿನಲ್ಲಿ ಲಾರ್ಕ್ ಹಕ್ಕಿ ಹಾಡುತ್ತಿತ್ತು.

ಅಮ್ಮ ಕಾಣದ ಬಾಗಿಲ ಮೂಲಕವೇ ಒಳಗೆ ಹೋದಳು. ಗೋಡೆ ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಒಲೆ ಇದ್ದ ಕಡೆ ನಿಂತಳು, ಎರಡು ಹೆಜ್ಜೆ ಎಡಕ್ಕೆ ಹೋಗಿ ಮತ್ತೆ ನಿಂತಳು. "ಇಷ್ಟು ಚಿಕ್ಕದಿತ್ತಾ?" ಅಂದಳು. ಹೊರಗೆ ಬಂದು ಬಾಗಿಲ ಕಲ್ಲಿನ ಮೇಲೆ ಕೂತಳು. ಮಾವ ಪಕ್ಕದಲ್ಲಿ ಕೂತ.

"ನೀನು ಅವತ್ತು ಹೇಳಿದ್ದು ತಪ್ಪು ಅಂತ ನಾನು ಈಗ್ಲೂ ಅಂತೀನಿ" ಅಂದಳು ಅಮ್ಮ.

"ಅನ್ನು."

"ಸತ್ರೂ ಅಂತೀನಿ."

"ಆಯ್ತು ಅಂತೀನಲ್ಲ."

ಅವಳು ಹುಲ್ಲಿನ ಮೇಲೆ ಅಂಗೈ ಸವರಿದಳು. "ಅಪ್ಪನ ಕುರಿ ಮೇಯ್ದಂಗೇ ಇದೆ. ನೀನು ಕೊಯ್ದಿದ್ದಾ?"

"ಹೂಂ."

"ಅಂಚು ಸರಿಯಾಗಿ ಬಂದಿಲ್ಲ" ಅಂದಳು. ಆಮೇಲೆ ತನ್ನ ಕೈಯನ್ನು ಅವನ ತೋಳಿನೊಳಗೆ ತೂರಿಸಿದಳು. "ಇಲ್ಲಿ ಒಂದೇ ಒಂದು ರಾತ್ರಿ ಮಲಗ್ಬೇಕು ರೂಬ್. ಒಂದೇ."

"ಸೂರ್ಯ ಮುಳುಗಿದ ಮೇಲೆ ಯಾರನ್ನೂ ಬಿಡಲ್ಲ. ನಾನೂ ಕೇಳಿ ನೋಡಿದೀನಿ, ಮೂರು ಸಲ."

ಮೂವತ್ತೆಂಟು ವರ್ಷ ದಿನಾ ಹತ್ತಿದವನೂ ಆ ವರ್ಷಗಳಲ್ಲಿ ಅಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಸಾರ್ಜೆಂಟ್ ಜೀಪಿನ ಹಾರ್ನ್ ಒತ್ತುವವರೆಗೂ ಅವರು ಹಾಗೇ ಕೂತಿದ್ದರು.

ಅಲ್ಲಿಂದಾಚೆ ಮಾವ ಭಾನುವಾರದ ಊಟಕ್ಕೆ ನಮ್ಮ ಮನೆಗೇ ಬಂದ, ಆರು ವರ್ಷ. ತೊಂಬತ್ತೊಂದರಲ್ಲಿ ಎದೆಯ ಸೋಂಕಿನಿಂದ ತೀರಿಕೊಂಡ. ಗುಡ್ಡದ ಮೇಲೆ ಮಣ್ಣು ಮಾಡಲು ಅಮ್ಮ ಅರ್ಜಿ ಹಾಕಿದಳು, ಅದು ನಿಯಮದಲ್ಲಿಲ್ಲ ಎಂದು ಉತ್ತರ ಬಂತು. ಚರ್ಚಿನ ಅಂಗಳದಲ್ಲಿ ಹೂತೆವು. ಚಿಟ್ಟೆ ಎಣಿಕೆಯ ಕೆಲಸವನ್ನು ಈಗ ಪೇಟೆಯ ಒಂದು ಸಂಘದವರು ಮಾಡುತ್ತಾರೆ.

ಅಮ್ಮ ಎಪ್ಪತ್ತೆಂಟಾಗುವವರೆಗೆ ಪ್ರತಿ ಆಗಸ್ಟಿನಲ್ಲೂ ಅವರ ಜೀಪಿನಲ್ಲಿ ಮೇಲೆ ಹೋದಳು. ಮೊದಲ ವರ್ಷ ಸಂಘದ ಹುಡುಗಿಯೊಬ್ಬಳು ಅವಳ ಕೈಗೂ ಪೆನ್ಸಿಲ್ ಮತ್ತು ಹಾಳೆ ಕೊಡಲು ಬಂದಳಂತೆ.

"ಬೇಡ ಕಣಮ್ಮ" ಅಂದಳು ಅಮ್ಮ. "ನಾನು ಎಣಿಸೋಕೆ ಬಂದಿಲ್ಲ. ಮನೆಗೆ ಬಂದಿದೀನಿ."